ತಂದೆಯ ಉದ್ಯೋಗ: ಸ್ಟೀಲ್ ಬಿಸಿನೆಸ್

ಎರಡು ವರ್ಷದ ಹಿಂದೆ ನಾನು ಒಬ್ಬ ಹುಡುಗಿಗೆ ಸುಳ್ಳು ಹೇಳುವುದನ್ನು ಕಲಿಸಿದೆ.

ಮನೆಗೆ ಕರೆದು, ಚಹಾ ಕೊಟ್ಟು, ಎದುರಿಗೆ ಕೂರಿಸಿಕೊಂಡು, ಸ್ಪೆಲ್ಲಿಂಗ್ ಸಮೇತ ಕಲಿಸಿದೆ. ಅದು ಸುಳ್ಳು ಎಂದು ಆ ಹೊತ್ತಿಗೆ ನನಗೆ ಅನ್ನಿಸಿರಲೇ ಇಲ್ಲ. ಅದಕ್ಕೇ ಈ ವಾರದ ಅಂಕಣಕ್ಕೆ ಅದನ್ನೇ ಬರೆಯಲು ಕೂತಿದ್ದೇನೆ.

ನನ್ನದು ಎಚ್‌ಆರ್ ಕೆಲಸ ಎಂದು ನಿಮಗೆ ಗೊತ್ತೇ ಇದೆ. ನವಿ ಮುಂಬೈಯ ಐರೋಲಿಯ ಐಟಿ ಪಾರ್ಕೊಂದರಲ್ಲಿ ಕೂತು ಜನರನ್ನು ನೌಕರಿಗೆ ಆರಿಸುವುದು. (ಆರಿಸುವುದಕ್ಕಿಂತ ಬಿಡುವುದೇ ಹೆಚ್ಚು. ಅದಕ್ಕೆ ನಮ್ಮಲ್ಲಿ ‘ವಿ ವಿಲ್ ಗೆಟ್ ಬ್ಯಾಕ್ ಟು ಯೂ’ ಎನ್ನುತ್ತೇವೆ.) ವರ್ಷಕ್ಕೊಮ್ಮೆ ಇಂಜಿನಿಯರಿಂಗ್ ಕಾಲೇಜುಗಳಿಗೆ ಹೋಗಿ, ಫೈನಲ್ ಇಯರ್ ಮಕ್ಕಳಿಗೆ ಆಪ್ಟಿಟ್ಯೂಡ್ ಟೆಸ್ಟ್ ಕೊಟ್ಟು, ಚೆನ್ನಾಗಿ ಬರೆದವರನ್ನು ಮಾತಾಡಿಸಿ, ಆಫರ್ ಲೆಟರ್ ಹಂಚಿ ಬರುತ್ತೇವೆ. ಯಾರೂ ಬೇಡ ಎನ್ನುವುದಿಲ್ಲ.

ಆ ವರ್ಷ ಒಬ್ಬಳು ಬೇಡ ಎಂದಳು.

ನವಿ ಮುಂಬೈಯ ಒಂದು ಕಾಲೇಜು. ಮೆಕ್ಯಾನಿಕಲ್ ವಿಭಾಗದ ಹುಡುಗಿ, ಹೆಸರು ಮಹಾನಂದಾ. ಬಿಗಿಯಾಗಿ ಹೆಣೆದ ಜಡೆ, ಇಸ್ತ್ರಿ ಮಾಡಿದ ಬಿಳಿ ಶರ್ಟು. ನಮ್ಮ ಟೆಸ್ಟಿನಲ್ಲಿ ಇಡೀ ಕಾಲೇಜಿಗೆ ಮೊದಲು ಬಂದಿದ್ದಳು. ಸೇರುವ ಮನಸ್ಸಿಲ್ಲದಿದ್ದರೆ ಪರೀಕ್ಷೆಗೆ ಯಾಕೆ ಕೂತೆ ಎಂದು ಹಿಂದಿಯಲ್ಲಿ ಕೇಳಿದೆ. ಪ್ರಾಕ್ಟೀಸಿಗೆ, ಎಂದಳು. ಮುಖದಲ್ಲಿ ತಮಾಷೆಯ ಸುಳಿವೂ ಇರಲಿಲ್ಲ.

ಅವಳಿಗೆ ಬೇಕಿದ್ದದ್ದು ವಾಯುಪಡೆಯ ಟೆಕ್ನಿಕಲ್ ಬ್ರಾಂಚ್. ಹಿಂದಿನ ವರ್ಷ ಅವರ ಕಾಲೇಜಿಗೆ ವಾಯುಪಡೆಯವರ ಪ್ರಚಾರದ ಬಸ್ಸು ಬಂದಿತ್ತಂತೆ. ಹುಡುಗರೆಲ್ಲ ಒಳಗಿದ್ದ ನಕಲಿ ಕಾಕ್‌ಪಿಟ್‌ನಲ್ಲಿ ಕೂತು ಫೋಟೋ ತೆಗೆಸಿಕೊಳ್ಳುತ್ತಿದ್ದರೆ, ಇವಳು ಹೊರಗೆ ನಿಂತಿದ್ದ ಅಧಿಕಾರಿಯನ್ನು ಹಿಡಿದು ಕೇಳಿದಳು: ವಿಮಾನ ಹಾರಿಸುವವರು ಬಿಡಿ, ಅದು ಹಾರಲು ತಯಾರಾಗಿದೆ ಎಂದು ಹೇಳುವವರು ಯಾರು? ಇಂಜಿನಿಯರಿಂಗ್ ಆಫೀಸರ್, ಹೆಣ್ಣುಮಕ್ಕಳೂ ಇದ್ದಾರೆ, ಅವರು ಸಹಿ ಮಾಡದೆ ವಿಮಾನ ಅಲುಗಾಡುವುದಿಲ್ಲ ಎಂದರಂತೆ ಆತ. ಅಷ್ಟು ಸಾಕಾಯಿತು.

ನಾನು ಅವಳ ಫಾರ್ಮು ತಿರುಗಿಸಿದೆ. ಹುಟ್ಟಿದ ಊರು, ಕಲಬುರಗಿ ಕಡೆಯ ಆಳಂದ. ಈಗಿನ ಮನೆ, ಕಳಂಬೋಲಿ. ತಂದೆಯ ಉದ್ಯೋಗ, ಲೋಡರ್, ಸ್ಟೀಲ್ ಮಾರ್ಕೆಟ್.

ಕನ್ನಡ ಬರುತ್ತದಾ ಎಂದು ಕೇಳಿದೆ. “ಮನ್ಯಾಗ ಅಷ್ಟೇ ಮ್ಯಾಮ್” ಎಂದಳು. ಅಲ್ಲಿಗೆ ನಾನು ಕಂಪನಿಯ ಪ್ರತಿನಿಧಿಯಾಗಿ ಉಳಿಯಲಿಲ್ಲ. ಮೊಬೈಲ್ ನಂಬರು ಕೊಟ್ಟೆ. ಭಾನುವಾರ ಐರೋಲಿಯ ನಮ್ಮ ಮನೆಗೆ ಬಾ, ಇಂಟರ್‌ವ್ಯೂಗೆ ತಯಾರಿ ಮಾಡಿಸುತ್ತೇನೆ ಎಂದೆ. ಕನ್ನಡದ ಹುಡುಗಿ ಎಂಬ ಮಮತೆ ಸ್ವಲ್ಪ. ನನ್ನ ಆಫರನ್ನೇ ಬೇಡ ಎಂದಳಲ್ಲ, ನೋಡೇಬಿಡೋಣ ಎಂಬ ಕುತೂಹಲ ಜಾಸ್ತಿ.

ಮೊದಲು ಲಿಖಿತ ಪರೀಕ್ಷೆ. ಅವಳು ತಂದಿದ್ದ ಹಳೆಯ ಪ್ರಶ್ನೆಪತ್ರಿಕೆಯನ್ನು ನಾನೂ ಬಿಡಿಸಲು ಕೂತೆ. ಇಂಗ್ಲಿಷ್ ಓಕೆ. ಲೆಕ್ಕ ಹೇಗೋ ದಾಟಿದೆ. ಆಮೇಲೆ ಚಿತ್ರಗಳು ಬಂದವು. ಬಿಡಿಸಿಟ್ಟ ಡಬ್ಬವನ್ನು ಮಡಚಿದರೆ ಯಾವ ಬದಿಗೆ ಯಾವ ಗುರುತು ಬರುತ್ತದೆ? ಈ ಗೆರೆಗಳ ರಾಶಿಯಲ್ಲಿ ಆ ತ್ರಿಕೋನ ಎಲ್ಲಿ ಅಡಗಿದೆ? ನಾನು ಪತ್ರಿಕೆಯನ್ನೇ ತಿರುಗಿಸಿ ತಿರುಗಿಸಿ ನೋಡಿದೆ. (ಇಪ್ಪತ್ತೆರಡು ವರ್ಷ ಬೇರೆಯವರಿಗೆ ಟೆಸ್ಟ್ ಕೊಟ್ಟವಳು ನಾನು. ಒಮ್ಮೆ ನೀವೂ ನಿಮ್ಮ ಮಕ್ಕಳ ಪರೀಕ್ಷೆ ಬರೆದು ನೋಡಿ, ಬೈಯುವ ಬಾಯಿ ತಣ್ಣಗಾಗುತ್ತದೆ.) ಮಹಾನಂದಾಳಿಗೆ ಮಾತ್ರ ಅದು ಆಟ. ಆ ಡಬ್ಬ ಅವಳ ತಲೆಯೊಳಗೇ ಮಡಚಿಕೊಳ್ಳುತ್ತಿತ್ತು. ಅದಾದ ಮೇಲೆ ಮುಕ್ಕಾಲು ಗಂಟೆಯ ಬೇರೊಂದು ಪತ್ರಿಕೆ, ಬರೀ ಇಂಜಿನಿಯರಿಂಗಿನದು. ಅದರ ಪ್ರಶ್ನೆಗಳೇ ನನಗೆ ಅರ್ಥವಾಗಲಿಲ್ಲ.

ಅವಳು ಎರಡೂ ಪಾಸಾದಳು. ಮೈಸೂರಿನಿಂದ ಕರೆ ಬಂತು. ಅಲ್ಲಿ ಐದು ದಿನದ ಆಯ್ಕೆ.

ಈಗ ನನ್ನ ಪಾತ್ರ ಬರುತ್ತದೆ.

ಅಲ್ಲಿಗೆ ಹೋದ ಕೂಡಲೇ ಒಂದು ದೊಡ್ಡ ಫಾರ್ಮು ತುಂಬಬೇಕು. ಊರು, ಓದು, ಆಟ, ಹವ್ಯಾಸ, ಮನೆಯವರ ಉದ್ಯೋಗ. ಇಂಟರ್‌ವ್ಯೂ ಮಾಡುವವರ ಕೈಯಲ್ಲಿ ಇರುವುದು ಅದೇ ಹಾಳೆ. ನಾವು ಮನೆಯಲ್ಲೇ ಅದರ ನಕಲು ಮಾಡಿ ತುಂಬಿದೆವು. ‘ಲೋಡರ್’ ಎಂದು ಬರೆದಲ್ಲಿ ನನ್ನ ಪೆನ್ಸಿಲು ನಿಂತಿತು.

ಇದನ್ನು ತೆಗೆದುಬಿಡು ಎಂದೆ. ಸ್ಟೀಲ್ ಬಿಸಿನೆಸ್ ಎಂದು ಬರಿ. ಅಪ್ಪ ಸ್ಟೀಲ್ ಮಾರ್ಕೆಟ್‌ನಲ್ಲೇ ಇದ್ದಾರಲ್ಲ, ಇದರಲ್ಲಿ ಸುಳ್ಳೇನಿದೆ? ಅಲ್ಲಿ ಬರುವವರಲ್ಲಿ ಅರ್ಧ ಜನ ಕರ್ನಲ್‌ಗಳ ಮಕ್ಕಳಿರುತ್ತಾರೆ. ಫಸ್ಟ್ ಇಂಪ್ರೆಶನ್ ಅನ್ನುವುದೊಂದಿದೆ. ನಮ್ಮ ಭಾಷೆಯಲ್ಲಿ ಇದಕ್ಕೆ ಪ್ರೆಸೆಂಟೇಶನ್ ಎನ್ನುತ್ತೇವೆ.

ಮಹಾನಂದಾ ರಬ್ಬರು ತೆಗೆದುಕೊಂಡು ಅಳಿಸಿದಳು. ನಾನು ಹೇಳಿದ್ದನ್ನು ಬರೆದಳು. ತನಗಿಂತ ದೊಡ್ಡವರು ಹೇಳುತ್ತಿದ್ದಾರೆ, ಅದೂ ದಿನಾ ಜನರನ್ನು ನೌಕರಿಗೆ ತೆಗೆದುಕೊಳ್ಳುವವರು, ಸರಿಯೇ ಇರಬೇಕು ಎಂದುಕೊಂಡಿರುತ್ತಾಳೆ.

ಕಳಂಬೋಲಿಯಿಂದ ಬಸ್ಸಿನಲ್ಲಿ ಕಲ್ಯಾಣ್ ಸ್ಟೇಷನ್ನಿಗೆ ಬಂದು ಬೆಂಗಳೂರಿನ ರೈಲು ಹತ್ತಿದಳು. ಮೈಸೂರಿನಲ್ಲಿ ಮೊದಲ ದಿನವೇ ಅರ್ಧಕ್ಕಿಂತ ಹೆಚ್ಚು ಜನರನ್ನು ಮನೆಗೆ ಕಳಿಸಿದರಂತೆ. ಮಸುಕು ಚಿತ್ರವೊಂದನ್ನು ಅರ್ಧ ನಿಮಿಷ ತೋರಿಸಿ ಕಥೆ ಬರೆಯಲು ಹೇಳುತ್ತಾರೆ, ಗುಂಪಿನಲ್ಲಿ ಚರ್ಚೆ ಮಾಡಿಸುತ್ತಾರೆ. ಅದನ್ನು ದಾಟಿದಳು. ಮರುದಿನ ಮನಶ್ಶಾಸ್ತ್ರದ ಪರೀಕ್ಷೆ. ಅದರಲ್ಲೊಂದು ಪ್ರಶ್ನೆ: ನಿಮ್ಮ ತಂದೆ ತಾಯಿ ನಿಮ್ಮ ಬಗ್ಗೆ ಏನು ಹೇಳುತ್ತಾರೆ, ಬರೆಯಿರಿ. ಅಲ್ಲಿ ಕೈ ನಿಂತಿತಂತೆ. ಯಾವ ತಂದೆ ಎಂದು ಬರೆಯಲಿ, ಫಾರ್ಮಿನಲ್ಲಿರುವವರೋ ಮನೆಯಲ್ಲಿರುವವರೋ?

ಆಮೇಲೆ ಇಂಟರ್‌ವ್ಯೂ. ಎದುರಿಗೆ ಶಾಂತ ಸ್ವಭಾವದ ಹಿರಿಯ ಅಧಿಕಾರಿ. ತಂದೆಯ ಬಿಸಿನೆಸ್ ಬಗ್ಗೆ ಪ್ರೀತಿಯಿಂದಲೇ ಕೇಳಿದರು. ಗೋಡೌನ್ ಎಷ್ಟು ದೊಡ್ಡದು? ಮಾಲು ಎಲ್ಲಿಂದ ಬರುತ್ತದೆ? ಎಷ್ಟು ಜನ ಕೆಲಸಕ್ಕಿದ್ದಾರೆ? ಒಂದೊಂದಕ್ಕೂ ಒಂದೊಂದು ಹೊಸ ಸುಳ್ಳು. ಕೊನೆಗೆ, ತಂದೆ ಬೆಳಿಗ್ಗೆ ಎಷ್ಟು ಗಂಟೆಗೆ ಮನೆ ಬಿಡುತ್ತಾರೆ ಎಂದರು. ಆರಕ್ಕೆ ಎಂದಳು. ಅದೊಂದು ನಿಜ ಬಾಯಿಂದ ಜಾರಿತು. ಅಷ್ಟು ಬೇಗ ಮಾಲೀಕರಿಗೆ ಏನು ಕೆಲಸ ಎಂದು ಅವರು ಕೇಳಿದರು.

ಐದನೆಯ ದಿನ ಆಯ್ಕೆಯಾದವರ ನಂಬರು ಓದಿದರು. ಇವಳದು ಇರಲಿಲ್ಲ.

ಕಾರಣ ಅಲ್ಲಿ ಯಾರಿಗೂ ಹೇಳುವುದಿಲ್ಲ. ಇವಳು ಇನ್ನೆಲ್ಲೋ ಎಡವಿರಬಹುದು, ಸೀಟು ಕಡಿಮೆ ಇದ್ದಿರಬಹುದು. ನಾನು ಫೋನಿನಲ್ಲಿ ಹಾಗೆಯೇ ಸಮಾಧಾನ ಮಾಡಿದೆ. ಅವಳು ಹೂಂ ಹೂಂ ಎಂದಳು. ಆಮೇಲೆ ಎರಡು ವಾರ ನನ್ನ ಫೋನು ಎತ್ತಲಿಲ್ಲ.

ಮೂರನೆಯ ವಾರ ಬಾಗಿಲು ತಟ್ಟಿದ್ದು ಅವಳ ಅಪ್ಪ.

ಶರಣಪ್ಪನವರನ್ನು ನಾನು ಅದುವರೆಗೆ ನೋಡಿರಲಿಲ್ಲ. ಐವತ್ತರ ಆಚೆಯ ಮನುಷ್ಯ, ತಲೆಗೆ ಬಿಳಿ ಟೋಪಿ, ಒಗೆದ ಅಂಗಿ. ಹೆಂಡತಿ ಕಟ್ಟಿಕೊಟ್ಟ ಸಜ್ಜೆ ರೊಟ್ಟಿ ಮತ್ತು ಶೇಂಗಾ ಹಿಂಡಿಯ (ನಾವು ಚಟ್ನಿಪುಡಿ ಎನ್ನುತ್ತೇವಲ್ಲ, ಅದು) ಗಂಟನ್ನು ಟೀಪಾಯಿಯ ಮೇಲಿಟ್ಟು, ಸೋಫಾದ ತುದಿಯಲ್ಲಿ ಕೂತರು. ಮಗಳಿಗೆ ತಾನು ಬಂದಿರುವುದು ಗೊತ್ತಿಲ್ಲ ಎಂದರು. ಅವಳು ಊಟ ಸರಿಯಾಗಿ ಮಾಡುತ್ತಿಲ್ಲವಂತೆ. ಒಂದು ದಿನ ಅಪ್ಪನ ಎದುರು ಕೂತು, ಫಾರ್ಮಿನಲ್ಲಿ ನಿಮ್ಮ ಕೆಲಸ ಬರೆಯಲು ನಾಚಿಕೆಪಟ್ಟೆ, ಬೇರೆ ಬರೆದೆ ಎಂದು ಹೇಳಿ ಅತ್ತಳಂತೆ. ನನ್ನ ಹೆಸರು ಹೇಳಿರಲಿಲ್ಲ. ತಪ್ಪೆಲ್ಲ ತನ್ನ ಮೇಲೆ ಹಾಕಿಕೊಂಡಿದ್ದಳು.

“ಬಾಯಾರ, ಒಂದು ಮಾತು ಕೇಳಾಕ ಬಂದೀನ್ರಿ” ಎಂದರು. (ಅವರ ಕಡೆ ಓದಿದ ಹೆಂಗಸರಿಗೆ ಕೊಡುವ ಗೌರವ ಅದು, ಬಾಯಾರು.) “ನನ್ನ ಕೆಲಸ ಬರದ್ರ ಅಕಿಗಿ ನೌಕರಿ ಕೊಡಂಗಿಲ್ಲೇನ್ರಿ?”

ಹಾಗೇನೂ ಇಲ್ಲ ಎಂದೆ.

“ಇಲ್ಲ, ಹಂಗಿದ್ರ ಹೇಳ್ರಿ. ನಮ್ಮ ಮಾರ್ಕೆಟ್ ಗೇಟಿನ ಬಾಜು ಲಾರಿ ತೂಗೋ ಕಾಟಾ ಅದ. ಅಲ್ಲಿ ಚೀಟಿ ಬರಿಯಾವ ಊರಿಗಿ ಹೊಂಟಾನ. ನಾ ಸೇಠಗ ಕೇಳೀನಿ. ಪಗಾರ ಕಡಿಮಿ, ಆದ್ರ ಕುಂತು ಮಾಡೋ ಕೆಲಸ. ಆಗ ಕ್ಲರ್ಕ್ ಅಂತ ಬರದ್ರ ನಡೀತದೇನ್ರಿ?”

ಅರ್ಥವಾಯಿತಲ್ಲ? ಮಗಳು ಫಾರ್ಮಿನಲ್ಲಿ ಸುಳ್ಳು ಬರೆಯಬಾರದು. ನಿಜ ಬರೆದರೆ ನೌಕರಿ ತಪ್ಪಬಾರದು. ಹಾಗಾಗಿ ನಿಜವನ್ನೇ ಬದಲಾಯಿಸಿಬಿಡೋಣ ಎಂದು ಆ ಮನುಷ್ಯ ಭಾನುವಾರ ಬೆಳಿಗ್ಗೆ ಎರಡು ಬಸ್ಸು ಹಿಡಿದು ಬಂದಿದ್ದರು.

ಇಂಟರ್‌ವ್ಯೂಗಳಲ್ಲಿ ಸಾವಿರಾರು ಜನರನ್ನು ಕೂರಿಸಿ ಪ್ರಶ್ನೆ ಕೇಳಿದ್ದೇನೆ. ಉತ್ತರ ತೋಚದೆ ಬೆವರುವವರನ್ನು ಕಂಡು ಒಳಗೊಳಗೇ ನಕ್ಕದ್ದೂ ಇದೆ. ಅಂದು ನನ್ನ ಸರದಿ.

ಹೇಳಲೇಬೇಕಾಯಿತು. ಶರಣಪ್ಪನವರೇ, ಅವಳಿಗೆ ಹಾಗೆ ಬರೆಯಲು ಹೇಳಿದ್ದು ನಾನು. ಅವಳು ಮೊದಲು ನಿಮ್ಮ ಕೆಲಸವನ್ನೇ ಬರೆದಿದ್ದಳು. ನಾನೇ ಅಳಿಸುವಂತೆ ಮಾಡಿದೆ.

ಅವರು ಚಹಾದ ಕಪ್ಪು ಖಾಲಿ ಮಾಡಿ ಕೆಳಗಿಟ್ಟರು. “ನೀವು ಅಕಿ ಚಲೋದಕ್ಕ ಹೇಳೀರಿ ಬಿಡ್ರಿ” ಎಂದರು.

ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಬೈಯುವ ಹಕ್ಕಿದ್ದವರು ಬೈಯದೆ ಎದ್ದುಹೋದರೆ ಏನು ಮಾಡುವುದು? ಕಾಟಾದ ಕೆಲಸಕ್ಕೆ ದಯವಿಟ್ಟು ಸೇರಬೇಡಿ ಎಂದಷ್ಟೇ ಬೇಡಿಕೊಂಡೆ. ಲಿಫ್ಟಿನವರೆಗೆ ಹೋಗಿ ಕಳಿಸಿ ಬಂದೆ. ಆ ಮಧ್ಯಾಹ್ನ ಸಜ್ಜೆ ರೊಟ್ಟಿಯನ್ನು ಮನೆಯವರೆಲ್ಲ ಹೊಗಳಿ ತಿಂದರು. ನಾನು ಬಡಿಸಿದೆನಷ್ಟೆ.

ಮರುದಿನ ಮಹಾನಂದಾಳ ಕಾಲೇಜಿನ ಗೇಟಿಗೇ ಹೋಗಿ ನಿಂತೆ. ಕಾಟಾದ ಮಾತು ಎತ್ತಲಿಲ್ಲ. (ಅವಳಿಗೆ ಅದು ಗೊತ್ತಾದದ್ದು ಇತ್ತೀಚೆಗೆ. ಇಲ್ಲಿ ಬರೆಯುತ್ತಿರುವುದೂ ಅಪ್ಪ ಮಗಳಿಬ್ಬರನ್ನು ಕೇಳಿಯೇ.) ಕ್ಷಮಿಸು, ನಾನು ತಪ್ಪು ಹೇಳಿಕೊಟ್ಟೆ, ಮುಂದಿನ ಸಲ ಇದ್ದದ್ದನ್ನು ಇದ್ದ ಹಾಗೆ ಬರಿ ಎಂದೆ.

“ಬರೀತೀನಿ ಆಂಟಿ. ಆದ್ರ ಪಪ್ಪಾ ಅಲ್ಲಿ ಎಕ್ಸಾಕ್ಟ್ ಏನ್ ಮಾಡ್ತಾರ ಅಂತ ನಂಗ ಗೊತ್ತೇ ಇಲ್ಲ” ಎಂದಳು. ಮಾರ್ಕೆಟ್ಟಿನಿಂದ ಮನೆ ಇಪ್ಪತ್ತು ನಿಮಿಷದ ದಾರಿ. ಚಿಕ್ಕವಳಿದ್ದಾಗ ಡಬ್ಬಿ ಕೊಡಲು ಗೇಟಿನವರೆಗೆ ಹೋಗಿದ್ದೇ ಕೊನೆ. ಒಳಗೆ ಬರಬೇಡ ಎಂದು ಅಪ್ಪನೇ ಹೇಳಿದ್ದರಂತೆ.

ಒಂದು ಶನಿವಾರ ನಾವಿಬ್ಬರೂ ಹೋದೆವು. ಶರಣಪ್ಪನವರಿಗೆ ಮುಜುಗರ. ಜೊತೆಯ ಲೋಡರುಗಳಿಗೆ ಖುಷಿ, ಎಲ್ಲಿಂದಲೋ ಎರಡು ಪ್ಲಾಸ್ಟಿಕ್ ಕುರ್ಚಿ ತಂದರು. ಕಣ್ಣು ಹಾಯಿಸಿದಷ್ಟು ದೂರ ಕಬ್ಬಿಣ. ಸರಳಿನ ಕಟ್ಟುಗಳು, ಸುರುಳಿ ಸುತ್ತಿದ ತಗಡು, ಅವುಗಳ ನಡುವೆ ಕ್ರೇನು, ಲಾರಿ, ಧೂಳು. ಶರಣಪ್ಪನವರ ಕೆಲಸ ನಾನು ಅಂದುಕೊಂಡಂತೆ ಬೆನ್ನ ಮೇಲೆ ಹೊರುವುದಲ್ಲ. ನಲವತ್ತು ಅಡಿ ಉದ್ದದ ಕಟ್ಟಿಗೆ ಸರಪಳಿ ಬಿಗಿಯುವುದು, ಕ್ರೇನಿನವನಿಗೆ ಕೈಸನ್ನೆ ಮಾಡುವುದು, ಅದು ಗಾಳಿಯಲ್ಲಿ ತೇಲಿ ಬಂದು ಲಾರಿಯ ಮೇಲೆ ಕೂರುವವರೆಗೆ ಕಣ್ಣು ಕೀಳದಿರುವುದು. ಅವರು ಅಂಗೈ ಎತ್ತಿದರೆ ಅಷ್ಟು ದೊಡ್ಡ ಯಂತ್ರ ಗಪ್ಪನೆ ನಿಲ್ಲುತ್ತಿತ್ತು.

ಸರಪಳಿ ಎಲ್ಲಿ ಬಿಗಿಯಬೇಕೆಂದು ಹೇಗೆ ತಿಳಿಯುತ್ತದೆ ಎಂದು ಮೆಕ್ಯಾನಿಕಲ್ ಇಂಜಿನಿಯರ್ ಕೇಳಿದಳು.

“ಕಣ್ಣಳತಿ. ಆದ್ರ ಕಣ್ಣಿನ ಮ್ಯಾಲ ಪೂರಾ ಭರೋಸಾ ಇಡಬಾರದವ್ವಾ” ಎಂದರು ಅಪ್ಪ. “ಒಂದು ಗೇಣು ಎತ್ತಿಸಿ ನಿಲ್ಲಿಸ್ಬೇಕು. ಯಾವ ಕಡಿ ಬಗ್ಗತದ ನೋಡ್ಬೇಕು. ಇಳಿಸಿ, ಸರಪಳಿ ಸರಿಸಿ, ಮತ್ತ ಎತ್ತಿಸ್ಬೇಕು. ಅವಸರ ಮಾಡಿದವ್ರು ಕಾಲು ಕಳಕೊಂಡಾರ.”

ಅವಳು ಬ್ಯಾಗಿನಿಂದ ನೋಟ್‌ಬುಕ್ ತೆಗೆದಳು. ಅಪ್ಪ ಹೇಳುತ್ತಾ ಹೋದರು, ಮಗಳು ಚಿತ್ರ ಬರೆಯುತ್ತಾ ಹೋದಳು. ಇದಕ್ಕೆ ನಮ್ಮ ಪುಸ್ತಕದಲ್ಲಿ ಹೀಗೆ ಹೆಸರಿದೆ ಎಂದು ಅವಳು, ಹೆಸರು ಏನಾದರೂ ಇರಲಿ ಹುಕ್ಕು ಸರಿ ನೋಡು ಎಂದು ಅವರು. ಕ್ರೇನಿನವನು ಹಾರ್ನ್ ಹೊಡೆದು ಸುಸ್ತಾದ. ಇಪ್ಪತ್ತೆರಡು ವರ್ಷದ ಮಗಳ ಜೊತೆ ಅವರು ಅಷ್ಟು ಹೊತ್ತು ಮಾತಾಡಿದ್ದು ಅದೇ ಮೊದಲಿರಬೇಕು. ನನಗೆ ಕುರ್ಚಿಯಲ್ಲಿ ಕೂತು ಲಿಂಬು ಶರಬತ್ತು ಕುಡಿಯುವುದಷ್ಟೇ ಕೆಲಸ.

ಅವಳು ಮತ್ತೆ ಲಿಖಿತ ಪರೀಕ್ಷೆ ಬರೆದಳು, ಮತ್ತೆ ಪಾಸಾದಳು. ಈ ಸಲ ಡೆಹ್ರಾಡೂನ್. ಮತ್ತೆ ಅದೇ ಫಾರ್ಮು. ಲೋಡರ್ ಎಂದು ಬರೆದಳು.

ಇಂಟರ್‌ವ್ಯೂನಲ್ಲಿ ಬೇರೆ ಅಧಿಕಾರಿ. ಲೋಡರ್ ಅಂದರೆ ನಿಖರವಾಗಿ ಏನು ಮಾಡುತ್ತಾರೆ ಎಂದು ಕೇಳಿದರಂತೆ. ಇವಳು ಹೇಳಿದಳು. ಅವರು ಪೆನ್ನು, ಹಾಳೆ ಮುಂದಿಟ್ಟರು. ಇವಳು ಬರೆದು ತೋರಿಸಿದಳು. ಕಟ್ಟಿನ ಒಂದು ತುದಿ ಭಾರ, ಇನ್ನೊಂದು ಹಗುರ, ಇರುವುದು ಒಂದೇ ಸರಪಳಿ, ಜಾಗ ಇಕ್ಕಟ್ಟು, ಆಗ ಏನು ಮಾಡುತ್ತೀ ಎಂದರು. ಇವಳು ಯೋಚಿಸಿದಳು. ಗೊತ್ತಿಲ್ಲ ಸರ್, ಮನೆಗೆ ಹೋದ ಮೇಲೆ ಅಪ್ಪನನ್ನು ಕೇಳಿ ತಿಳಿದುಕೊಳ್ಳುತ್ತೇನೆ ಎಂದಳು. ಅವರು ನಕ್ಕು ಮುಂದಿನ ಪ್ರಶ್ನೆಗೆ ಹೋದರು.

ಕೊನೆಯ ದಿನ ಮೂರು ನಂಬರು ಓದಿದರು. ಎರಡನೆಯದು ಇವಳದು.

ಅಲ್ಲಿಗೆ ಮುಗಿಯಲಿಲ್ಲ. ವೈದ್ಯಕೀಯ ಪರೀಕ್ಷೆಯಲ್ಲಿ ತೂಕ ಕಡಿಮೆ ಎಂದು ವಾಪಸು ಕಳಿಸಿ ಕೆಲವು ವಾರ ಸಮಯ ಕೊಟ್ಟರು. ಅವಳ ಅವ್ವ ಬೆಳಿಗ್ಗೆ ಸಂಜೆ ಬಾಳೆಹಣ್ಣು, ಶೇಂಗಾ ಉಂಡೆ, ತುಪ್ಪ ಹಾಕಿದ ಅನ್ನ ತಿನ್ನಿಸಿದ್ದೇ ತಿನ್ನಿಸಿದ್ದು. ತೂಕ ಏರಿತು. ಆಮೇಲೆ ಮೆರಿಟ್ ಲಿಸ್ಟಿಗಾಗಿ ತಿಂಗಳುಗಟ್ಟಲೆ ಕಾಯುವುದು. ಐದು ದಿನದ ಆಯ್ಕೆ ದಾಟಿದವರೂ ಆ ಲಿಸ್ಟಿನಲ್ಲಿ ಉದುರುತ್ತಾರೆ. ಅವಳಿಗಿಂತ ಹೆಚ್ಚು ಸಲ ಕಂಪ್ಯೂಟರಿನಲ್ಲಿ ನೋಡಿದ್ದು ನಾನು, ಆಫೀಸಿನ ಸಮಯದಲ್ಲಿ. (ನನ್ನ ಬಾಸ್ ಕನ್ನಡ ಓದುವುದಿಲ್ಲ.)

ಕಡೆಗೂ ಹೆಸರು ಬಂತು. ತರಬೇತಿಗೆ ಹೈದರಾಬಾದಿನ ಕಡೆ ಹೊರಟುಹೋದಳು.

ನಿಜ ಬರೆದರೆ ನೌಕರಿ ಸಿಗುತ್ತದೆ ಎಂದು ನಾನು ಹೇಳುತ್ತಿಲ್ಲ. ಡೆಹ್ರಾಡೂನಿನಲ್ಲಿ ಇವಳ ರೂಮ್‌ಮೇಟ್ ಆಗಿದ್ದವಳು ಒಬ್ಬ ಮೇಷ್ಟರ ಮಗಳು, ಒಂದಕ್ಷರ ಸುಳ್ಳು ಬರೆದವಳಲ್ಲ, ಇವಳಿಗಿಂತ ಚುರುಕು. ವಾಪಸು ಹೋದಳು. ಎರಡನೆಯ ಸಲ ಇವಳನ್ನು ಯಾಕೆ ತೆಗೆದುಕೊಂಡರು ಎಂದೂ ಯಾರೂ ಹೇಳಿಲ್ಲ. ನನಗೆ ಗೊತ್ತಿರುವುದು ಇಷ್ಟೇ: ಮೈಸೂರಿನಿಂದ ಬಂದಾಗ ಅವಳು ಅಪ್ಪನ ಮುಖ ನೋಡಲಾರದೆ ಹೋದಳು. ಡೆಹ್ರಾಡೂನಿನಿಂದ ಬಂದವಳು ಬ್ಯಾಗು ಇಡುವ ಮೊದಲೇ ಆ ಒಂದೇ ಸರಪಳಿಯ ಪ್ರಶ್ನೆ ಕೇಳಿದಳಂತೆ.

ಕಳೆದ ಭಾನುವಾರ ಶರಣಪ್ಪನವರು ಹೆಂಡತಿಯ ಜೊತೆ ಐರೋಲಿಗೆ ಬಂದರು, ಶೇಂಗಾ ಹೋಳಿಗೆ ಕಟ್ಟಿಕೊಂಡು. ಈ ಸಲ ಸೋಫಾದಲ್ಲಿ ಹಿಂದಕ್ಕೆ ಒರಗಿ ಕೂತರು. ಮಗಳ ಓಟ, ಮಗಳ ಬೂಟು, ಮಗಳು ಕತ್ತರಿಸಿಕೊಂಡ ಕೂದಲು, ಎಲ್ಲ ಮಾತಾಯಿತು. ನಡುವೆ ಸುಮ್ಮನೆ, ಮಾತಿಗೆ ಮಾತು ಬಂದು ಕೇಳಿದರು: “ಬಾಯಾರ, ನಿಮ್ಮ ಅಪ್ಪಾರು ಏನ್ ಮಾಡ್ತಿದ್ರು?”

“ಹೋಟೆಲ್ ಬಿಸಿನೆ...” ಎಂದು ನನ್ನ ನಾಲಿಗೆ ತಾನಾಗಿಯೇ ಹೊರಟಿತು.

ಮೂವತ್ತು ವರ್ಷದಿಂದ ಹಾಗೆಯೇ ಹೊರಡುತ್ತಿದೆ. ಮೊದಲ ನೌಕರಿಯ ಫಾರ್ಮಿನಲ್ಲಿ, ಹೆಣ್ಣು ನೋಡಲು ಬಂದವರ ಮುಂದೆ, ನಮ್ಮ ಹೌಸಿಂಗ್ ಸೊಸೈಟಿಯ ಹೆಂಗಸರ ನಡುವೆ. ಉಡುಪಿ ಕಡೆಯವರು, ಠಾಣೆಯಲ್ಲಿ ಹೋಟೆಲ್ ಬಿಸಿನೆಸ್. ಯಾರೂ ಮತ್ತೊಂದು ಪ್ರಶ್ನೆ ಕೇಳಲಿಲ್ಲ. ಆ ಹುಡುಗಿಯ ಫಾರ್ಮಿನ ಮೇಲೆ ಪೆನ್ಸಿಲು ಇಟ್ಟಾಗ ನನಗೆ ಅದು ಸುಳ್ಳು ಅನ್ನಿಸದಿದ್ದರೆ ಆಶ್ಚರ್ಯವೇನು?

ಸರಿಮಾಡಿಕೊಂಡೆ. ಹೋಟೆಲಿನಲ್ಲಿ ದೋಸೆ ಎರೆಯುತ್ತಿದ್ದರು, ಹೋಟೆಲು ಬೇರೆಯವರದ್ದು ಎಂದೆ.

“ಎಷ್ಟು ವರ್ಷರೀ?”

ಮೂವತ್ತೊಂದು ಎಂದೆ.

“ನಿಂತೇ?” ಎಂದರು ಶರಣಪ್ಪನವರು.

ನಿಂತೇ. ಬೆಳಗಿನ ಐದರಿಂದ, ಕಾವಲಿಯ ಎದುರು, ನಿಂತೇ. ಅಪ್ಪ ತೀರಿಕೊಂಡು ಹನ್ನೊಂದು ವರ್ಷವಾಯಿತು. ಈ ಒಂದು ಪ್ರಶ್ನೆಯನ್ನು ಅವರ ಬಗ್ಗೆ ನನ್ನನ್ನು ಯಾರೂ ಕೇಳಿರಲಿಲ್ಲ. ನಾನೂ ಅವರನ್ನು ಕೇಳಿರಲಿಲ್ಲ.

ಊಟದ ಟೇಬಲ್ಲಿನಿಂದ ನನ್ನ ಮಗಳು ಮೊಬೈಲು ಕೆಳಗಿಟ್ಟು ತಲೆ ಎತ್ತಿದಳು. “ಮಮ್ಮಿ, ಅಜ್ಜಾ ಕಾ ತೋ ಖುದ್ ಕಾ ಹೋಟೆಲ್ ಥಾ ನಾ?” ಎಂದಳು, ಅಜ್ಜನದು ಸ್ವಂತ ಹೋಟೆಲ್ ಆಗಿತ್ತಲ್ಲವಾ ಎಂದು.

ಅವಳಿಗೆ ಉತ್ತರ ಕೊಟ್ಟಾಯಿತು. ಇನ್ನು ನೀವು ಹೇಳಿ, ನಿಮ್ಮ ಮಕ್ಕಳ ಪ್ರಕಾರ ಅವರ ಅಜ್ಜನದು ಯಾವ ಬಿಸಿನೆಸ್?